ಆರು ಎಲ್ಬೋ

ಪೈಪನ್ನು ಮೂಲೆಯಲ್ಲಿ ತಿರುಗಿಸಲು ಹಾಕಿದ್ದ ನಾಲ್ಕನೇ ಎಲ್ಬೋ ಕೂಡ ತೊಟ್ಟಿಕ್ಕತೊಡಗಿದಾಗ ಸೊಸೆ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿ, ಒದ್ದೆ ನೆಲದ ಮೇಲೆ ಹಾಗೇ ಕುಸಿದು ಕೂತಳು.

"ಏನಮ್ಮಾ, ನೀರು ಬಂತಾ?" ಪಕ್ಕದ ಕೋಣೆಯಿಂದ ಮಾವ ಕೂಗಿದರು.

"ಬಂತು ಮಾವ. ನಲ್ಲಿ ಒಂದು ಬಿಟ್ಟು ಮಿಕ್ಕ ಎಲ್ಲಾ ಕಡೆ ಬಂತು."

ಮಾವ ನಲವತ್ತು ವರ್ಷ ಕಬ್ಬಿಣದ ಪೈಪು ಜೋಡಿಸಿದ ಮೇಸ್ತ್ರಿ. ಹೋದ ತಿಂಗಳು ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಮಹಡಿಯ ಬಚ್ಚಲು ಅವರಿಗೆ ದೂರವಾಗಿತ್ತು. ಕೆಳಗೆ ಒಂದು ಬಚ್ಚಲು ಆಗದಿದ್ದರೆ ನಾಳೆ ಬೆಳಿಗ್ಗೆ ಬಂದು ಅಪ್ಪನನ್ನು ತನ್ನ ಮನೆಗೆ ಕರೆದೊಯ್ಯುವುದಾಗಿ ಅವರ ಮಗಳು ಕಡ್ಡಿ ಮುರಿದಂತೆ ಹೇಳಿದ್ದಳು. ಈ ಕಿಟಕಿ, ಬೀದಿಯಲ್ಲಿ ಹೋಗುವವರನ್ನು ಕರೆದು ಕಿಚಾಯಿಸುವ ಸುಖ, ಇದನ್ನೆಲ್ಲ ಬಿಟ್ಟು ಹೋಗಲು ಮಾವನಿಗೆ ಸುತರಾಂ ಮನಸ್ಸಿಲ್ಲ. ಬಂದ ಇಬ್ಬರು ಪ್ಲಂಬರುಗಳನ್ನೂ ತಪ್ಪು ಹುಡುಕಿ ಓಡಿಸಿದವರು ಅವರೇ. ಕೊನೆಗೆ ಸೊಸೆ "ನಾನೇ ಮಾಡ್ತೀನಿ ಮಾವ" ಎಂದು ಮಾತು ಕೊಟ್ಟುಬಿಟ್ಟಿದ್ದಳು. ಕೊಟ್ಟ ಗಳಿಗೆಯಿಂದ ಅವಳಿಗೆ ನಿದ್ದೆಯಿಲ್ಲ.

ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಅವಳು ಹೋದ ವರ್ಷವೇ ಮೂರು ತಿಂಗಳು ಸಂಜೆ ತರಗತಿಗೆ ಹೋಗಿ ಈ ಕೆಲಸ ಕಲಿತಿದ್ದಳು. "ಈ ಪ್ಲಾಸ್ಟಿಕ್ ಪೈಪು ಬಾಗುತ್ತದೆ, ಮೂಲೆಯಲ್ಲಿ ಕತ್ತರಿಸಬೇಕಿಲ್ಲ" ಎಂದು ಮೇಷ್ಟ್ರು ಹೇಳಿದ್ದನ್ನು ಬರೆದುಕೊಂಡು, ಪಕ್ಕದಲ್ಲಿ ತಾನೇ ಒಂದು ಪ್ರಶ್ನೆ ಗುರುತು ಹಾಕಿದ್ದಳು. ಮದುವೆಯಾದಾಗಿನಿಂದ ಊಟಕ್ಕೆ ಕೂತಾಗಲೆಲ್ಲ ಮಾವನಿಂದ ಕೇಳಿದ್ದ ಮಾತು ಬೇರೆಯಾಗಿತ್ತು: ಪೈಪು ಮೂಲೆಗೆ ಬಂದರೆ ಮೂಲೆಮಟ್ಟ ಇಟ್ಟ ಹಾಗೆ ತಿರುಗಬೇಕು, ಇಲ್ಲದಿದ್ದರೆ ಅದು ಕೆಲಸವಲ್ಲ, ಕಳ್ಳಾಟ. ಹಾಗಾಗಿ ಸುರುಳಿ ಪೈಪನ್ನು ಏಳು ತುಂಡು ಮಾಡಿ ಆರು ಎಲ್ಬೋ ಹಾಕಿದ್ದಳು. ಒಂದೊಂದು ಎಲ್ಬೋಗೆ ಎರಡೆರಡು ಹಿತ್ತಾಳೆ ರಿಂಗು. ಅವನ್ನು ಒತ್ತುವ ಇಕ್ಕಳಕ್ಕೋ ಮೊಳದುದ್ದದ ಹಿಡಿ. ಮೂಲೆಯಲ್ಲಿ ಅದು ಗೋಡೆಗೆ ತಾಗಿ ಪೂರ್ತಿ ಮುಚ್ಚುತ್ತಿರಲಿಲ್ಲ. ರಿಂಗು ಸೊಟ್ಟಗೆ ಕಚ್ಚುತ್ತಿತ್ತು. ಒಂದನ್ನು ಸರಿಮಾಡಿದರೆ ಇನ್ನೊಂದು ಸೋರುತ್ತಿತ್ತು.

ಮಾವ ವಾಕರ್ ಊರಿಕೊಂಡು ಬಾಗಿಲಿಗೆ ಬಂದರು.

"ಇದೇನು ಪೈಪಾ, ರೈಲು ಮಾರ್ಗಾನಾ? ಗೇಣಿಗೊಂದು ಸ್ಟೇಷನ್ನು!"

"ಮೂಲೆ ನೆಟ್ಟಗಿರಬೇಕು ಅಂದೋರು ನೀವೇ ಅಲ್ವಾ?"

ಮಾವ ಅಲ್ಲಿದ್ದ ಸ್ಟೂಲಿನ ಮೇಲೆ ಕೂತು, ಮಿಕ್ಕಿದ್ದ ತುಂಡೊಂದನ್ನು ಕೈಗೆ ತೆಗೆದುಕೊಂಡರು. ಬಾಗಿಸಿದರು. ಬಿಟ್ಟರು. ಮತ್ತೆ ಬಾಗಿಸಿದರು.

"ಅಲ್ಲಮ್ಮಾ, ಕಬ್ಬಿಣ ಬಗ್ಗಲ್ಲ ಅಂತ ನಾವು ಎಲ್ಬೋ ಹಾಕ್ತಿದ್ವಿ. ಇದು ತಾನಾಗೇ ಬಗ್ತದಲ್ಲ, ಯಾಕೆ ಕತ್ತರಿಸ್ದೆ?"

ಸೊಸೆಗೆ ರೇಗಿಹೋಯಿತು. "ಮೂರು ದಿನದಿಂದ ಬೊಂಬೆ ಮನೆಗೆ ಬಚ್ಚಲು ಕಟ್ತಿದೀಯಾ ಅಂತ ಆಡ್ಕೊಂಡ್ರಿ. ಈ ಮಾತನ್ನ ಮೊನ್ನೆನೇ ಹೇಳೋಕೇನಾಗಿತ್ತು?" ಎಂದವಳು ತನ್ನ ದನಿ ಕೇಳಿ ತಾನೇ ಬೆಚ್ಚಿದಳು. ಮಾವನ ಮುಂದೆ ಅವಳೆಂದೂ ಹೀಗೆ ಕೂಗಾಡಿದವಳಲ್ಲ.

ಮಾವ ತುಂಡನ್ನೇ ನೋಡುತ್ತ ಕೂತಿದ್ದರು. "ಗೊತ್ತಿದ್ರೆ ತಾನೇ ಹೇಳೋಕೆ? ಇದನ್ನ ಮುಟ್ಟಿ ನೋಡಿದ್ದೇ ಈಗ."

ತುಂಡುಗಳು ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಸೊಸೆ ಒದ್ದೆ ಸೀರೆಯಲ್ಲೇ ಅಂಗಡಿಗೆ ಓಡಿದಳು.

"ಎಷ್ಟು ಎಲ್ಬೋ ಕೊಡ್ಲಿ ಅಕ್ಕಾ?" ಅಂಗಡಿಯವನು ಕೇಳಿದ.

"ಆ ಹೆಸರು ಎತ್ತಬೇಡಪ್ಪ. ಉದ್ದಕ್ಕೂ ಒಂದೇ ಪೈಪು ಕೊಡು."

ಹೊಸ ಸುರುಳಿಯೂ ಸುಲಭಕ್ಕೆ ಬಗ್ಗಲಿಲ್ಲ. ಎರಡು ಸಲ ಚಿಮ್ಮಿ ಅವಳ ಕೆನ್ನೆಗೆ ಬಾರಿಸಿತು. ಮಾವ ಸ್ಟೂಲಿನಿಂದಲೇ ಒಂದು ತುದಿ ಹಿಡಿದು, "ನಿಧಾನ, ಗಟ್ಟಿ ಮಡಿಸ್ಬೇಡ, ಹಾಂ, ಹಂಗೇ" ಎನ್ನುತ್ತಿದ್ದರು. ವಾಲ್ವಿನ ಬಳಿ ಒಂದು ರಿಂಗು, ನಲ್ಲಿಯ ಬಳಿ ಒಂದು. ಎರಡು ಕಡೆಯೂ ಇಕ್ಕಳ ಪೂರ್ತಿ ಮುಚ್ಚಿತು.

ವಾಲ್ವ್ ತೆರೆದಳು. ನಲ್ಲಿ ಕೆಮ್ಮಿ, ಉಗುಳಿ, ಆಮೇಲೆ ಧಾರೆಯಾಗಿ ಸುರಿಯಿತು.

"ಬಳ್ಳಿ ಹಬ್ಬಿದ ಹಾಗಿದೆ. ನೋಡೋಕಾಗಲ್ಲ," ಅಂದರು ಮಾವ.

"ಸೋರ್ತಿದೆಯಾ?"

"ಇಲ್ಲ."

"ಹಾಗಾದ್ರೆ ನೋಡಬೇಡಿ."

ಮಾವ ಫೋನು ಕೇಳಿ ಇಸಿದುಕೊಂಡರು. "ನಾಳೆ ಬಾ ಮಗಳೇ, ಊಟ ಮಾಡ್ಕೊಂಡು ಹೋಗು. ನನ್ನ ಬಟ್ಟೆ ತುಂಬೋಕೆ ಪೆಟ್ಟಿಗೆ ಮಾತ್ರ ತರಬೇಡ."

ಅವರು ಮಾತಾಡುತ್ತಿದ್ದಂತೆ ಸೊಸೆ ಎರಡೂ ಜೋಡಣೆಗಳ ಕೆಳಗೆ ಒಣ ಕಾಗದ ಇಟ್ಟು, ತೆಗೆದು ನೋಡಿದಳು. ಒಣಗಿಯೇ ಇತ್ತು. ನಂಬಿಕೆ ಬರದೆ ಮತ್ತೆ ಇಟ್ಟಳು.