ಉಡಿಯೊಳಗಿನ ಪಂಖ

"ಇದನ್ನ ಉಡ್ಯಾಗ ಹಿಡಕೊಂಡ ಕುಂದರ, ತಂಗಿ. ನಾ ಕೇಳೂತನಕಾ ಯಾರಿಗೂ ಕೊಡಬ್ಯಾಡ."

ದೋಣಿಯ ಎಂಜಿನ್ನಿನಿಂದ ಬಿಚ್ಚಿದ ಮೂರೆಸಳಿನ ಪಂಖವನ್ನು ದೋಣಿಕಾರ ಬಾಬಾಸಾಹೇಬನು ಕಸ್ತೂರೆವ್ವನ ಉಡಿಯಲ್ಲಿಟ್ಟನು. ಎಂಜಿನ್ನನ್ನು ನೆಲದ ಮೇಲೆ ಪರೀಕ್ಷಿಸುವಾಗ, ಅವಸರದಲ್ಲಿ ಯಾರೂ ಹಾಕದಂತೆ, ದೋಣಿಯೇರಬೇಕಾದವರ ಬಳಿಯೇ ಬಿಚ್ಚಿದ ಪಂಖವಿರಬೇಕೆಂಬುದು ಅವನ ಕಟ್ಟಳೆ. ಹಿಂದೊಮ್ಮೆ ಗಿಯರು ತಾನಾಗಿ ಬಿದ್ದು, ತಿರುಗಿದ ಪಂಖವು ಅವನ ಎಡಗೈಯ ಎರಡು ಬೆರಳುಗಳನ್ನು ಕೊಂಡೊಯ್ದಿತ್ತು. ಕಟ್ಟಳೆ ಹುಟ್ಟಿದ್ದು ಅಂದು.

೨೦೧೯ರ ಶ್ರಾವಣ. ಯಡೂರಿನ ಬಳಿ ಕೃಷ್ಣೆಯು ಸೇತುವೆಯನ್ನು ಮುಳುಗಿಸಿ ಕಬ್ಬಿನ ಹೊಲಗಳ ಮೇಲೆಲ್ಲ ಹರಡಿದ್ದಳು. ಆಚೆ ದಡದ ತವರಿನಲ್ಲಿ ಕಸ್ತೂರೆವ್ವನ ತಾಯಿ ನಸುಕಿನಲ್ಲಿ ಲಿಂಗೈಕ್ಯಳಾಗಿದ್ದಳು. ಮಧ್ಯಾಹ್ನದೊಳಗೆ ಮಣ್ಣು ಮಾಡಬೇಕೆಂದು ತಮ್ಮ ಅಮಿತ ಫೋನು ಮಾಡಿದ್ದ. ಮುಖವನ್ನೊಮ್ಮೆ ಕಂಡು ಸಮಾಧಿಗೆ ಒಂದು ಹಿಡಿ ಮಣ್ಣು ಹಾಕುವುದು, ಮಗಳಾದವಳಿಗೆ ಉಳಿದಿದ್ದ ಸೇವೆ ಅದೊಂದೇ. ಊರಿನಲ್ಲಿದ್ದ ಎಂಜಿನ್ ದೋಣಿಯೂ ಒಂದೇ.

ಎಂಜಿನ್ನು ಅಂಗಳದ ಮರದ ಚೌಕಟ್ಟಿನಲ್ಲಿ ತೂಗುತ್ತಿತ್ತು. ಬಾಬಾಸಾಹೇಬನು ಅಕಸ್ಮಾತ್ ಚಾಲೂ ಆಗದಂತೆ ಪ್ಲಗ್ಗಿನ ವಾಯರನ್ನು ಕಿತ್ತು, ಪಂಖವಿಲ್ಲದ ಬರಿದಂಡವನ್ನು ಕೈಯಿಂದ ತಿರುಗಿಸುತ್ತ ಗಿಯರು ಬದಲಿಸಿದನು. ಗಿಯರನ್ನು ನಡುವೆ ನಿಲ್ಲಿಸಿದಾಗ ದಂಡವು ಸರಾಗವಾಗಿ ತಿರುಗಿತು. ಮುಂದಕ್ಕೆ ಹಾಕಿದಾಗ ಹಿಡಿಯಿತು. ಹಿಂದಕ್ಕೆ ಹಾಕಿದಾಗ ಹಿಡಿದಂತೆ ಮಾಡಿ ಜಾರಿತು. ಅವನು ಮತ್ತೆ ಹಾಕಿದನು, ಮತ್ತೆ ಜಾರಿತು.

"ಪಂಚಾಂಗ ನೋಡಾಕತ್ತೀಯೇನೋ, ಮಾರಾಯಾ?" ಎಂದ ಕಸ್ತೂರೆವ್ವನ ಗಂಡ ಮಲಗೌಡ.

"ನಿಮ್ಮ ಮುಹೂರ್ತಾನೂ ಇವತ್ತ ಕೂಡಿ ಬರಬಾರದಂತ ನೋಡಾಕತ್ತೇನ್ರಿ, ಗೌಡ್ರ."

ವಾಯರನ್ನು ಸಿಕ್ಕಿಸಿ, ಎಂಜಿನ್ನಿನ ಕಾಲನ್ನು ನೀರು ತುಂಬಿದ ಡ್ರಮ್ಮಿನೊಳಗೆ ಇಳಿಸಿ ಅವನು ಚಾಲೂ ಮಾಡಿದನು. ಮುಂದಿನ ಗಿಯರಿಗೆ ನಾದವು ಸಮವಾಗಿತ್ತು. ಹಿಂದಿನದಕ್ಕೆ ಡ್ರಮ್ಮೆಲ್ಲ ಕಟಕಟ ನಡುಗಿತು. ಅವನು ಕೂಡಲೇ ಎಂಜಿನ್ನು ನಿಲ್ಲಿಸಿದನು.

"ಮುಂದ ಹೊಕ್ಕೈತಲ್ಲ? ನಾವು ಹೋಗೂದೂ ಮುಂದ," ಎಂದ ಮಲಗೌಡ.

"ನೀರಾಗ ಕಂಬ ಅದಾವ, ಕರೆಂಟಿನ ತಂತಿ ಅದಾವ. ಸಿಕ್ಕೊಂಡ್ರ ಹಿಂದ ಸರೀಬೇಕಲ್ರಿ."

ಬಾಬಾಸಾಹೇಬನು ಎಣ್ಣೆಗೈಯನ್ನು ಅರಿವೆಗೆ ಒರೆಸಿಕೊಳ್ಳುತ್ತ, ತಲೆಯೆತ್ತದೆ ಹೇಳಿದನು: "ತಂಗಿ, ತಾಯಿ ಮುಖಾ ನೋಡಬ್ಯಾಡ ಅನ್ನಾಕ ನನಗ ಬಾಯಿಲ್ಲ. ನೀ ಪಂಖ ಕೊಟ್ರ ಹಾಕ್ತೇನಿ. ದೋಣಿ ಬಿಡ್ತೇನಿ."

"ಕೊಡಬೇ," ಎಂದ ಮಲಗೌಡ.

ಕಸ್ತೂರೆವ್ವನ ಬೆರಳುಗಳು ಪಂಖದ ಎಸಳನ್ನು ಹಿಡಿದವು. ಹೊಸ್ತಿಲಲ್ಲಿ ಬಾಬಾಸಾಹೇಬನ ಹೆಂಡತಿ ಸಾರಿಕಾ, ಸೊಂಟಕ್ಕೆ ಕೈಯಾನಿಸಿ ನಿಂತಿದ್ದಳು.

"ಸಾರಿಕಾಗ ಎಷ್ಟ ತಿಂಗಳಾದೂ, ದಾದಾ?"

"ಎಂಟರಾಗ ಐತಿ."

ಕಸ್ತೂರೆವ್ವ ಸೆರಗನ್ನು ಎಳೆದು ಪಂಖದ ಮೇಲೆ ಹೊದಿಸಿದಳು.

ಮಧ್ಯಾಹ್ನ ಅಮಿತನ ಫೋನು ಬಂತು. ಅವನು ಫೋನನ್ನು ಸಮಾಧಿಯ ಬಳಿ ಹಿಡಿದಂತಿತ್ತು. ಮಂತ್ರದ ನಡುವೆ ಗಂಟೆಯ ಸದ್ದು, ಆಮೇಲೆ ಸಲಿಕೆಯ ಸದ್ದು.

ಕಸ್ತೂರೆವ್ವ ಎದ್ದಳು. ಡ್ರಮ್ಮಿನ ಬುಡದಲ್ಲಿ, ಚೆಲ್ಲಿದ ನೀರಿಗೆ ನೆನೆದಿದ್ದ ಒಂದು ಹಿಡಿ ಮಣ್ಣನ್ನು ತೆಗೆದುಕೊಂಡು, ಹೊಳೆ ಬಂದು ನಿಂತಿದ್ದ ಓಣಿಯ ಕೊನೆಗೆ ನಡೆದಳು. ಬಾಗಿ, ಬಲಗೈಯನ್ನು ನೀರಿನೊಳಗೆ ಇಳಿಸಿ ಬೆರಳು ಸಡಿಲಿಸಿದಳು. ಎಡಗಂಕುಳಲ್ಲಿ ಪಂಖ ಹಾಗೆಯೇ ಇತ್ತು. ಹಿಂದೆ ಬಂದು ನಿಂತಿದ್ದ ಬಾಬಾಸಾಹೇಬನು ಅದನ್ನು ಮರಳಿ ಕೇಳಲಿಲ್ಲ.