ಸುರೊ ತಿಂಗಳ ಮದ್ದಳೆ

ವರ್ಷವರ್ಷದ ದುಡಿಮೆ ಸಮೀಕ್ಷೆಯ ಮೊದಲ ಹಂತ ಆಗಸ್ಟ್ ಮಧ್ಯದಲ್ಲಿ: ಚೀಟಿ ಎತ್ತಿ ಆರಿಸಿದ ಮನೆಗಳಿಗೆ ಗಣತಿದಾರರು ಹೋಗಿ, ಕಳೆದ ಏಳು ದಿನಗಳಲ್ಲಿ ಯಾರು ಯಾವ ದುಡಿಮೆ ಮಾಡಿದರೆಂದು ಕೇಳಬೇಕು. ಅದರ ಬೆನ್ನಿಗೇ ಎರಡನೆಯದು: ಮೇಲ್ವಿಚಾರಕರು ಕೆಲವು ಮನೆಗಳಿಗೆ ಮತ್ತೆ ಹೋಗಿ ಅವೇ ಪ್ರಶ್ನೆಗಳನ್ನು ಅವೇ ಮಾತುಗಳಲ್ಲಿ ಕೇಳಬೇಕು. ಅಕ್ಟೋಬರಿನಲ್ಲಿ ಉತ್ತರಗಳಿಗೆ ಸಂಕೇತ ಸಂಖ್ಯೆ ಕೊಟ್ಟು ಕೋಷ್ಟಕ ಕಟ್ಟಬೇಕು. ಡಿಸೆಂಬರಿನಲ್ಲಿ ಜಿಲ್ಲಾಡಳಿತ ಆ ಕೋಷ್ಟಕ ನೋಡಿ ಅನುದಾನವನ್ನೂ ಕಟ್ಟಡಗಳನ್ನೂ ಹಂಚುತ್ತದೆ.

ಈ ಕ್ರಮ ವುರ್ಯಾನಿಗೆ ಬಾಯಿಪಾಠ. ಯೋಗ್ಯಕರ್ತಾದಲ್ಲಿ ಸಂಖ್ಯಾಶಾಸ್ತ್ರ ಓದಿ, ಮಧ್ಯ ಜಾವಾದ ತನ್ನದೇ ಜಿಲ್ಲೆಯ ಅಂಕಿಅಂಶ ಕಚೇರಿಯಲ್ಲಿ ಮೇಲ್ವಿಚಾರಕಿಯಾಗಿ ಸೇರಿದ್ದಳು. ಆ ವರ್ಷ ಚೀಟಿಯಲ್ಲಿ ಅವಳ ಊರು ಕಾಲಿಸಾನಾ ಬಂತು. ಮರುಪ್ರಶ್ನೆಯ ಮನೆಗಳಲ್ಲಿ ಅವಳು ಪಾಕ್‌ಧೆ ಎಂದು ಕರೆಯುತ್ತಿದ್ದ ದೊಡ್ಡಪ್ಪ ಸಾದಿಮಾನರದೂ ಇತ್ತು.

“ನಮ್ಮ ಪಾಕ್‌ಧೆ ಮನೆ, ಪಾಕ್. ಬೇರೆಯವರನ್ನ ಕಳಿಸಿದ್ರೆ ಒಳ್ಳೇದಲ್ವಾ?” ಎಂದು ಮೇಲಧಿಕಾರಿ ಹೆಂದಾರ್ತೊರನ್ನು, ಹಿರಿಯರಿಗೆ ಹೇಳುವ ‘ಪಾಕ್’ ಸೇರಿಸಿ, ಕೇಳಿದಳು.

“ಯಾರನ್ನ ಕಳಿಸ್ಲಿ? ಇಬ್ಬರು ಡೆಂಗಿ ಜ್ವರದಲ್ಲಿ ಮಲಗಿದಾರೆ. ಪ್ರಶ್ನೆ ಓದು, ಉತ್ತರ ಬರಿ, ಎದ್ದು ಬಾ. ನೆಂಟಸ್ತನ ಎಲ್ಲಾ ಊಟದ ಹೊತ್ತಿಗೆ ಇಟ್ಕೋ.”

ಅವಳ ಕಳವಳ ನಿಯಮದ ಕುರಿತಾಗಿ ಮಾತ್ರ ಇರಲಿಲ್ಲ. ಆ ವರ್ಷ ಜಿಲ್ಲೆಗೆ ಹೊಸದೊಂದು ಕೋಷ್ಟಕ ಸೇರಿತ್ತು, ‘ಸಾಂಸ್ಕೃತಿಕ ಅರ್ಥವ್ಯವಸ್ಥೆ’. ಬಟ್ಟೆಗೆ ಬಣ್ಣ ಹಾಕುವವರು, ಮೊಬೈಲ್ ಆಟ ರೂಪಿಸುವವರು, ತಿಂಡಿ ಅಂಗಡಿಯವರು, ಕೊನೆಗೆ ಪ್ರದರ್ಶನ ಕಲೆಯವರು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು. ದುಡಿಯುವವರೇ ಇಲ್ಲದ ಸಾಲಿಗೆ ಕಟ್ಟಡ ಉಳಿಯುವುದಿಲ್ಲ ಎಂದು ಆಡಳಿತ ತಿಳಿಸಿತ್ತು. ಕಾಲಿಸಾನಾದ ಹಳೆಯ ಮಂಟಪದಲ್ಲಿ ಊರಿನ ಗಾಮೆಲಾನ್ ಇತ್ತು: ಕಂಚಿನ ಜಾಗಟೆಗಳು, ಪಟ್ಟಿವಾದ್ಯಗಳು, ಪಾಕ್‌ಧೆಯ ಮದ್ದಳೆ. ಊರಿನ ಎರಡು ತಲೆಮಾರಿಗೆ ಅವರು ತಾಳ ಕಲಿಸಿದ್ದು ಅಲ್ಲಿಯೇ. ಆದರೆ ಮೊದಲ ಸುತ್ತಿನ ಉತ್ತರಗಳಲ್ಲಿ ಇಡೀ ತಾಲ್ಲೂಕಿನ ಪ್ರದರ್ಶನ ಕಲೆಯ ಸಾಲು ಖಾಲಿಯಾಗಿತ್ತು. ಚೀಟಿಯಲ್ಲಿ ಬಂದ ಒಬ್ಬ ಮನುಷ್ಯ ನೂರಾರು ಜನರ ಪರವಾಗಿ ನಿಲ್ಲುತ್ತಾನೆ. ಒಬ್ಬನೇ ಒಬ್ಬ ಸಿಕ್ಕಿದರೂ ಸಾಲು ಖಾಲಿ ಉಳಿಯುತ್ತಿರಲಿಲ್ಲ.

ಮಧ್ಯಾಹ್ನ ಅವಳು ಹೋದಾಗ ಪಾಕ್‌ಧೆ ಜಗಲಿಯಲ್ಲಿ ಕುಳಿತು ಸೋಯಾಕಾಳಿನ ತೆಂಪೆಯನ್ನು ಬಾಳೆಲೆಯಲ್ಲಿ ಕಟ್ಟುತ್ತಿದ್ದರು. ಅವರ ಹೆಂಡತಿ, ಅವಳಿಗೆ ಬೂಧೆ ಅಂದರೆ ದೊಡ್ಡಮ್ಮನಾದ ಪಾಯಿನೆಮ್, ಅದೇ ತೆಂಪೆಯನ್ನು ಬೀದಿಬದಿಯ ಬಾಣಲೆಯಲ್ಲಿ ಕರಿಯುತ್ತಿದ್ದರು.

“ಬಂತು ನೋಡೇ ಸರ್ಕಾರ! ಸರ್ಕಾರಕ್ಕೊಂದು ಚಹಾ ಕೊಡು,” ಎಂದರು ಪಾಕ್‌ಧೆ.

“ಸರ್ಕಾರ ಯಾಕೆ ಇಷ್ಟು ಸೊರಗಿದೆ? ಪಟ್ಟಣದಲ್ಲಿ ಬರೀ ಕಾಗದ ತಿಂತಾರೇನೋ,” ಎಂದರು ಬೂಧೆ.

ವುರ್ಯಾನಿ ಇದ್ದುದನ್ನು ಇದ್ದಂತೆ ಓದಿದಳು: “ಕಳೆದ ಏಳು ದಿನಗಳಲ್ಲಿ ಕೂಲಿ, ಲಾಭ ಅಥವಾ ವಸ್ತುರೂಪದ ಪ್ರತಿಫಲಕ್ಕಾಗಿ ಕನಿಷ್ಠ ಒಂದು ಗಂಟೆ ಯಾವ ಕೆಲಸ ಮಾಡಿದ್ದೀರಿ?”

“ತೆಂಪೆ.”

“ಅದಲ್ಲದೆ ಬೇರೆ ಕೆಲಸ?”

“ತೆಂಪೆ ಬಿಟ್ರೆ ತೆಂಪೆ.”

ಇಲ್ಲಿ ತಡೆದು ಕಾಯಲು ನಿಯಮದಲ್ಲಿ ಅವಕಾಶವಿತ್ತು, ವಿವರಿಸಲು ಇರಲಿಲ್ಲ. ಅವಳು ಕಾದಳು. ಅವರ ಬಲಗೈಯ ಎರಡು ಬೆರಳಿಗೆ ಪಟ್ಟಿ ಸುತ್ತಿತ್ತು. ಅದು ಸುರೊ ತಿಂಗಳು; ಜಾವಾದಲ್ಲಿ ಯಾರೂ ಮದುವೆ ಇಟ್ಟುಕೊಳ್ಳದ ತಿಂಗಳು. ಮದುವೆಮನೆಗಳಲ್ಲಿ ಸಂಪಾದಿಸುತ್ತಿದ್ದ ಮದ್ದಳೆ ಆ ವಾರ ನುಡಿದದ್ದು ಒಂದೇ ರಾತ್ರಿ, ಊರಶುದ್ಧಿಯ ತೊಗಲುಬೊಂಬೆ ಆಟಕ್ಕೆ.

“ಏನು ಮಗಳೇ, ಸಾಲ ಕೇಳೋಕೆ ಬಂದೋಳ ಹಾಗೆ ಮುಖ ನೋಡ್ತಿದೀಯ?”

ಅವಳು ನಿಯಮ ಮೀರಿದಳು. “ಪಾಕ್‌ಧೆ, ಊರಶುದ್ಧಿ ರಾತ್ರಿ ಬೆಳಗಾಗೋವರೆಗೂ ಬಾರಿಸಿದ್ರಲ್ಲ?”

“ಅದು ಕೆಲಸಾನಾ?” ಅವರು ಬಾಣಲೆಯ ಕಡೆ ತಿರುಗಿದರು. “ಕೇಳಿದ್ಯೇನೇ? ಅವತ್ತು ನಾನು ದುಡಿದ್ನಂತೆ!”

“ಏನಾದ್ರೂ ಕೊಟ್ರಾ?”

“ಅನ್ನದ ಪೊಟ್ಟಣ. ಕೋಳಿ ತುಂಡು, ಒಂದು ಮೊಟ್ಟೆ.”

ವುರ್ಯಾನಿಯ ಎದೆ ಹಗುರಾಯಿತು. ವಸ್ತುರೂಪದ ಪ್ರತಿಫಲವೂ ಪ್ರತಿಫಲವೇ. “ಬಾರಿಸಿದ್ದಕ್ಕೆ ಕೊಟ್ಟದ್ದು ತಾನೇ?”

“ಊರಿಗೆಲ್ಲಾ ಕೊಟ್ಟದ್ದು. ಚಾಪೆ ಮೇಲೆ ಗೊರಕೆ ಹೊಡೀತಿದ್ದ ಪಾರ್ತೊಗೂ ಅದೇ ಪೊಟ್ಟಣ. ಅವನ ಮೊಟ್ಟೆ ನಂದಕ್ಕಿಂತ ದಪ್ಪ ಇತ್ತು.”

“ಹಾಗಾದ್ರೆ ಗೊರಕೇನೂ ಬರ್ಕೋ ಮಗಳೇ,” ಎಂದರು ಬೂಧೆ.

ಅವಳು ನಗಲಿಲ್ಲ. ಸಾಲು, ಕೋಷ್ಟಕ, ಮಂಟಪ, ಎಲ್ಲವನ್ನೂ ಬಿಡಿಸಿ ಹೇಳಿದಳು. “ಅದು ಕೆಲಸ, ಪೊಟ್ಟಣ ಅದರ ಪ್ರತಿಫಲ, ಅಂತ ನಿಮ್ಮ ಬಾಯಿಂದ ಬಂದ್ರೆ ಸಾಕು.”

ಪಾಕ್‌ಧೆಯ ಕೈ ನಿಂತಿತು. ಅವರು ದನಿ ತಗ್ಗಿಸಿದರು. “ಸುರೊ ರಾತ್ರಿ ಬಾರಿಸೋದು ಊರು ಕಾಯೋ ಹಿರಿಯರಿಗೆ. ನಮ್ಮಪ್ಪನೂ ಹಾಗೇ ಬಾರಿಸಿದ್ದು. ಅದಕ್ಕೆ ಕೂಲಿ ಇಸ್ಕೊಂಡೆ ಅಂತ ಸರ್ಕಾರಕ್ಕೆ ಬರೆಸಿ, ಮುಂದಿನ ಸುರೊಗೆ ಯಾವ ಮುಖ ಇಟ್ಕೊಂಡು ಮದ್ದಳೆ ಮುಂದೆ ಕೂರ್ಲಿ?”

“ಮಂಟಪಾನೇ ಹೋದ್ರೆ ಎಲ್ಲಿ ಕೂರ್ತೀರಿ, ಪಾಕ್‌ಧೆ?”

ಅವರು ಇನ್ನೊಂದು ಎಲೆ ಎತ್ತಿಕೊಂಡು ಮಡಿಸಿದರು. ದಾರ ಸುತ್ತಿದರು. ಅದನ್ನು ಬುಟ್ಟಿಯಲ್ಲಿಟ್ಟರು.

“ತೆಂಪೆ ಅಂತ ಬರಿ,” ಎಂದರು.

ಅವಳು ಹಾಗೆಯೇ ಬರೆದಳು. ಸುಳ್ಳು ಬರೆಯಬಹುದಿತ್ತು, ಯಾರೂ ಮೂರನೆಯ ಸಲ ಬಂದು ಕೇಳುತ್ತಿರಲಿಲ್ಲ. ಆದರೆ ಆ ಸುಳ್ಳಿನ ಮೇಲೆ ಉಳಿದ ಮಂಟಪಕ್ಕೆ ಪಾಕ್‌ಧೆ ಕಾಲಿಡುತ್ತಿರಲಿಲ್ಲ ಎಂಬುದು ಆ ‘ಬರಿ’ ಎಂಬ ಮಾತಿನಲ್ಲೇ ಅವಳಿಗೆ ತಿಳಿದಿತ್ತು. ಬಳಿಕ ಬೂಧೆಯ ಸರದಿ. ಬೂಧೆ ಕರಿದ ತೆಂಪೆ ಮಾರುತ್ತೇನೆಂದರು. ಕೈಪಿಡಿಯ ಪ್ರಕಾರ ಹಸಿ ತೆಂಪೆ ಕಟ್ಟುವುದು ಆಹಾರ ತಯಾರಿಕೆ. ಕರಿದು ಮಾರುವುದು ಪಾಕಕಲೆ, ಸಾಂಸ್ಕೃತಿಕ ಅರ್ಥವ್ಯವಸ್ಥೆಯ ಒಂದು ವಿಭಾಗ.

ಅಕ್ಟೋಬರಿನಲ್ಲಿ ಸಾಂಸ್ಕೃತಿಕ ಕೋಷ್ಟಕದ ಒಟ್ಟು ಮೊತ್ತ ನೋಡಿ ಹೆಂದಾರ್ತೊರ ಮುಖ ಅರಳಿತು. “ನಮ್ಮ ಅಂದಾಜಿಗಿಂತ ಎಷ್ಟು ಮೇಲಿದೆ ನೋಡು! ಜಿಲ್ಲೆ ಆಳೋ ಬುಪಾತಿಯವರು ಖುಷಿಪಡ್ತಾರೆ.”

“ಪಾಕ್, ಲೆಕ್ಕದ ವಾರ ಸುರೊದಲ್ಲಿತ್ತು ಅಂತ ಅಡಿಟಿಪ್ಪಣಿ ಹಾಕ್ಲಾ?”

“ಹಾಕಮ್ಮ, ನಾನೇನು ಬೇಡ ಅಂದ್ನಾ? ಅಡಿಟಿಪ್ಪಣಿ ಓದೋ ಬುಪಾತಿ ಸಿಕ್ಕಿದ್ರೆ ನಂಗೂ ತೋರ್ಸು.”

ಅಡಿಟಿಪ್ಪಣಿ ಅಚ್ಚಾಯಿತು. ಡಿಸೆಂಬರಿನಲ್ಲಿ ಮಂಟಪ ತಿಂಡಿ ಅಂಗಡಿಗಳ ಪಾಲಾಯಿತು. ಗಾಮೆಲಾನನ್ನು ಜಿಲ್ಲಾ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಗಾಜಿನ ಹಿಂದೆ ಇಟ್ಟರು; ಮುಟ್ಟಬಾರದೆಂಬ ಫಲಕವನ್ನೂ ತೂಗುಹಾಕಿದರು. ಬೂಧೆಗೆ ಮಂಟಪದೊಳಗೆ ಒಂದು ಜಾಗ ಮಂಜೂರಾಯಿತು. ಒಲೆಯನ್ನು ಹೊತ್ತುಕೊಂಡು ಬಂದವರು ಪಾಕ್‌ಧೆ. ಮದ್ದಳೆ ಇರುತ್ತಿದ್ದ ಕಂಬದ ಬುಡದಲ್ಲಿ ಅದನ್ನು ಇಳಿಸಿ, ಅಲುಗದಂತೆ ಕೆಳಗೊಂದು ಕಲ್ಲು ಕೊಟ್ಟು, ಮನೆಗೆ ಹೋದರು.

ಮರುವರ್ಷದ ಲೆಕ್ಕದ ವಾರವೂ ಸುರೊದಲ್ಲೇ ಬಂತು. ಊರಶುದ್ಧಿಯ ಬೊಂಬೆ ಆಟಕ್ಕೆ ಧ್ವನಿಮುದ್ರಿತ ಗಾಮೆಲಾನನ್ನು ಧ್ವನಿವರ್ಧಕದಲ್ಲಿ ಹಾಕಿದರು. ಪಾಕ್‌ಧೆ ಚಾಪೆಯ ಮೇಲೆ ಪಾರ್ತೊನ ಪಕ್ಕದಲ್ಲಿ ಕುಳಿತಿದ್ದರು. ಪೊಟ್ಟಣ ಕೊಟ್ಟಾಗ ತೆಗೆದುಕೊಂಡರು. ವರದಿಯ ಕರಡು ಬರೆಯಲು ಕುಳಿತ ವುರ್ಯಾನಿಗೆ ಈ ಸಲ ಅಡಿಟಿಪ್ಪಣಿಯ ಅಗತ್ಯ ಕಾಣಲಿಲ್ಲ. ಹಿಂದಿನ ವರ್ಷ ನಿಜವಾಗಿರದ ಖಾಲಿ ಸಾಲು ಈಗ ನಿಜವಾಗಿತ್ತು. ಅವಳು ಬರೆದಳು:

ತಾಲ್ಲೂಕಿನಲ್ಲಿ ಸಾಂಸ್ಕೃತಿಕ ಅರ್ಥವ್ಯವಸ್ಥೆಯ ದುಡಿಮೆಗಾರರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಏರಿದೆ. ಏರಿಕೆ ಸಂಪೂರ್ಣವಾಗಿ ಪಾಕಕಲೆ ವಿಭಾಗದ್ದು. ಪ್ರದರ್ಶನ ಕಲೆಗಳಲ್ಲಿ ದುಡಿಯುವವರು ಯಾರೂ ಇಲ್ಲ.