ಎರಡನೆಯ ಎಣಿಕೆ

“ಬೇಡ ಅಕ್ಕ, ಹೇಳ್ಬೇಡಿ!” ಎಂದು ಗಿಡ್ಡಣ್ಣ ಎರಡೂ ಕಿವಿ ಮುಚ್ಚಿಕೊಂಡ. ಉದ್ದಣ್ಣನ ದೇಹದ ಸುತ್ತ ಕುಳಿತವರು ಅಳು ನಿಲ್ಲಿಸಿ ಅವನನ್ನೇ ನೋಡಿದರು.

“ನನ್ನ ತಮ್ಮನ ಕಡೇ ಮಾತು ಕಣೋ,” ಎಂದಳು ಅಕ್ಕ. “ಗಿಡ್ಡಂಗೆ ಹೇಳು ಅಂತ ಒಂದು ಸಂಖ್ಯೆ ಹೇಳ್ದ. ಮಣ್ಣು ಮಾಡೋಕೆ ಮುಂಚೆ ನಿನಗೆ ಮುಟ್ಟಿಸ್ಬೇಕು.”

“ಅವನು ಕಡೇಲಿ ಎಣಿಸಿದ ಸ್ಲೈಡು ನಾನಿನ್ನೂ ಎಣಿಸಿಲ್ಲ. ಈಗ ಕೇಳಿಬಿಟ್ರೆ ಕಣ್ಣಿಗೂ ಅದೇ ಕಾಣುತ್ತೆ.”

“ಸಾವಿನ ಮನೇಲಿ ಇದೆಂಥ ಹಟ ಮಾರಾಯಾ!” ಎಂದ ಪಕ್ಕದ ಮನೆಯ ದರ್ಜಿ.

ಅಕ್ಕ ಗಡಿಯಾರ ನೋಡಿದಳು. “ಎರಡಕ್ಕೆ ಗಾಡಿ ಬರುತ್ತೆ. ಅಷ್ಟರೊಳಗೆ ಎಣಿಸ್ಕೊಂಡು ಬಾ.”

\*

ಇಪ್ಪತ್ತಾರು ವರ್ಷ ಪ್ರಯೋಗಾಲಯದಲ್ಲಿ ಉದ್ದಣ್ಣ, ಗಿಡ್ಡಣ್ಣ ಇಬ್ಬರದೂ ಒಂದೇ ಕೆಲಸ. ಗೋಧಿಯ ಹೂವಿನ ಎಳೆಯ ಪರಾಗಚೀಲವನ್ನು ಗಾಜಿನ ಮೇಲೆ ಅಮುಕಿ, ಬಣ್ಣ ಹಾಕಿ, ಯಾವ ವರ್ಣತಂತು ಯಾವುದರ ಜೊತೆ ಜೋಡಿಯಾಗಿದೆ ಎಂದು ಎಣಿಸುವುದು. ಗೋಧಿಯಲ್ಲಿ ಒಂದು ಜೀನ್ ಇದೆ; ಕಟ್ಟುನಿಟ್ಟಿನ ಸೋದರತ್ತೆಯಂತೆ, ಯಾವ ತಂತುವನ್ನೂ ಸ್ವಂತ ಜೊತೆಯನ್ನು ಬಿಟ್ಟು ಇನ್ನೊಬ್ಬರ ಪಕ್ಕ ಕೂರಗೊಡದು. ಆ ಜೀನ್ ಇಲ್ಲದ ಗೋಧಿಗೆ ಕಾಡುಹುಲ್ಲನ್ನು ಕೂಡಿಸಿದರೆ ಎರಡರ ತಂತುಗಳೂ ಜೋಡಿಯಾಗುತ್ತವೆ, ಹುಲ್ಲಿನಲ್ಲಿರುವ ರೋಗ ತಡೆಯುವ ಗುಣ ಗೋಧಿಗೂ ದಾಟಬಹುದು.

ಇಬ್ಬರೂ ಬೇರೆಬೇರೆ ಎಣಿಸಿ, ಬರೆದಿಟ್ಟ ಮೇಲಷ್ಟೇ ಬಾಯಿಬಿಡಬೇಕು. ತಾಳೆಯಾಗದಿದ್ದರೆ ಒಟ್ಟಿಗೆ ಮತ್ತೆ ನೋಡಬೇಕು.

“ನಾನು ಹೇಳಿದ್ದನ್ನ ಕೇಳಿ ನೀನೂ ಅದನ್ನೇ ಕಂಡೆ ಅಂದ್ರೆ, ಕಂಡೋನು ಒಬ್ನೇ ಆದ,” ಎನ್ನುತ್ತಿದ್ದ ಉದ್ದಣ್ಣ.

ಸ್ಲೈಡಿನ ಅಂಚು ಒಣಗದಂತೆ ಬಳಿಯಲು ಉಗುರುಬಣ್ಣ ಕೊಳ್ಳುವವನೂ ಅವನೇ. ಅಂಗಡಿಯವಳು “ಮದುವೆ ಯಾವಾಗ?” ಎಂದು ಕಿಚಾಯಿಸಿದರೆ, “ಮೊದಲು ಗೋಧಿದು ಮುಗೀಲಿ ತಾಯಿ,” ಎನ್ನುತ್ತಿದ್ದ. ಅದು ಮುಗಿಯಲೇ ಇಲ್ಲ.

\*

ಎರಡಕ್ಕೆ ಹತ್ತು ನಿಮಿಷವಿರುವಾಗ ಗಿಡ್ಡಣ್ಣ ಏದುಸಿರು ಬಿಡುತ್ತ ಬಂದು ಚೀಟಿ ಚಾಚಿದ. ಗಾಡಿಯ ಬಾಗಿಲು ತೆರೆದಿತ್ತು.

“ಇಪ್ಪತ್ತು ಕೋಶ, ನೂರಾ ಮೂವತ್ತು ಜೋಡಿ,” ಅಕ್ಕ ಓದಿದಳು. “ಅವನು ನೂರಾ ಮೂವತ್ತೊಂದು ಅಂದ.”

“ಒಂದು ತಾನೆ, ಹೋಗ್ಲಿ ಬಿಡಿ,” ಎಂದ ದರ್ಜಿ.

“ಹಿಂದೆಲ್ಲ ಹೀಗಾದಾಗ ಯಾರದು ಸರಿ ಇರ್ತಿತ್ತೋ?” ಎಂದಳು ಅಕ್ಕ.

“ಅರ್ಧ ಸಲ ನಂದು ಅಕ್ಕ. ಅರ್ಧ ಸಲ ಅವನದು.”

ಮಣ್ಣು ಮಾಡುವ ಕೆಲಸ ಮುಗಿಸಿ ಗಿಡ್ಡಣ್ಣ ನೇರ ಪ್ರಯೋಗಾಲಯಕ್ಕೆ ಹೋದ. ಏಳನೆಯ ಕೋಶದಲ್ಲಿ ಎರಡು ತಂತುಗಳ ತುದಿ ಸೇರಿದ್ದವೋ, ಬರೀ ಒಂದರ ಮೇಲೊಂದು ಬಿದ್ದಿದ್ದವೋ ತಿಳಿಯಲಿಲ್ಲ. ಬಹಳ ಹೊತ್ತು ನೋಡಿದ. ಆಮೇಲೆ ಇಳಿದು, ಸ್ಟೂಲನ್ನು ಉದ್ದಣ್ಣನ ಕಾಲಿಗೆ ಸರಿಹೋಗುವಷ್ಟು ತಗ್ಗಿಸಿ, ಸೂಕ್ಷ್ಮದರ್ಶಕದ ದೀಪ ಆರಿಸದೆ, ಪಕ್ಕದಲ್ಲಿ ಕೈಕಟ್ಟಿ ನಿಂತ.